ಸೋತವರಿಗೆ ಮೊದಲ ಸರದಿ

ಗೆದ್ದವರಿಗೆ ಬಹುಮಾನ ಕೊಡುವುದು ಲೋಕರೂಢಿ. ಕೊನೆಯ ಸ್ಥಾನದವರಿಗೇ ಮೊದಲ ಆಯ್ಕೆಯನ್ನು ನೀಡುವ ಆಟವೊಂದು ಉತ್ತರ ಅಮೆರಿಕದಲ್ಲಿ ಪ್ರಚಾರದಲ್ಲಿದೆ. ಅದೇ ಫ್ಯಾಂಟಸಿ ಹಾಕಿ. ಅದರ ಏರ್ಪಾಡಿನಲ್ಲಿ ಅಡಗಿರುವ ಗಣಿತವನ್ನು ನಾವು ಇಲ್ಲಿ ಪರಿಶೀಲಿಸೋಣ.

ಇಲ್ಲಿ ಹಾಕಿಯೆಂದರೆ ಮಂಜುಗಡ್ಡೆಯ ಮೇಲೆ ಆಡುವ ಹಾಕಿ. ಹತ್ತು ಹನ್ನೆರಡು ಗೆಳೆಯರು ಕೂಡಿ, ನ್ಯಾಷನಲ್ ಹಾಕಿ ಲೀಗಿನ ನಿಜವಾದ ಆಟಗಾರರನ್ನು ಆರಿಸಿಕೊಂಡು, ತಮ್ಮ ತಮ್ಮ ಕಲ್ಪಿತ ತಂಡಗಳನ್ನು ರಚಿಸುತ್ತಾರೆ. ಆ ಆಟಗಾರರು ನಿಜವಾದ ಪಂದ್ಯಗಳಲ್ಲಿ ಹೊಡೆಯುವ ಗೋಲುಗಳಿಂದಲೂ ಗೋಲಿಗೆ ನೀಡುವ ನೆರವಿನಿಂದಲೂ ತಂಡದ ಅಂಕಗಳು ಎಣಿಕೆಯಾಗುತ್ತವೆ. ಒಬ್ಬ ಆಟಗಾರನು ಒಂದೇ ತಂಡಕ್ಕೆ ಸೇರತಕ್ಕದ್ದು. ಆದಕಾರಣ ಸರದಿಯಂತೆ ಆರಿಸಬೇಕು. ಈ ಸರದಿಯ ಆಯ್ಕೆಗೆ ಡ್ರಾಫ್ಟ್ ಎಂದು ಹೆಸರು. ತಂಡಗಳನ್ನು ವರ್ಷದಿಂದ ವರ್ಷಕ್ಕೆ ಉಳಿಸಿಕೊಳ್ಳುವ ಲೀಗುಗಳಲ್ಲಿ ಹೊಸ ಉದಯೋನ್ಮುಖ ಆಟಗಾರರಿಗಾಗಿ ಪ್ರತ್ಯೇಕ ಡ್ರಾಫ್ಟ್ ನಡೆಯುತ್ತದೆ.

ಸರದಿಯ ಬೆಲೆ

ಕ, ಖ, ಗ, ಘ ಎಂಬ ನಾಲ್ವರು ಎಂಟು ಆಟಗಾರರನ್ನು ಆರಿಸಬೇಕಾಗಿದೆ ಎಂದು ಭಾವಿಸೋಣ. ಆಟಗಾರರ ಬೆಲೆ ಕ್ರಮವಾಗಿ 10, 9, 8, 7, 6, 5, 4, 3 ಆಗಿರಲಿ. ಎರಡು ಸುತ್ತಿನಲ್ಲೂ ಒಂದೇ ಕ್ರಮವಿದ್ದರೆ ಕ ಎಂಬವರಿಗೆ 16, ಘ ಎಂಬವರಿಗೆ 10 ದೊರೆಯುತ್ತದೆ. ಎರಡನೆಯ ಸುತ್ತನ್ನು ಹಿಂದುಮುಂದಾಗಿ ನಡೆಸಿದರೆ ನಾಲ್ವರಿಗೂ 13! ಹೊಸ ಲೀಗನ್ನು ಕಟ್ಟುವಾಗ ಈ ಹಾವಿನ ನಡೆಯ ಸರದಿಯನ್ನು ಅನುಸರಿಸುವುದು ಇದಕ್ಕಾಗಿಯೇ.

ಆದರೆ ಉದಯೋನ್ಮುಖರ ಬೆಲೆ ಹೀಗೆ ಮೆಲ್ಲಗೆ ಇಳಿಯುವುದಿಲ್ಲ. ಮೊದಲ ಕೆಲವರ ತರುವಾಯ ಥಟ್ಟನೆ ಕುಸಿಯುತ್ತದೆ. ರೇಡಿಯಂ ಕ್ಷಯಿಸುವಂತೆ ಬೆಲೆಯು 128, 64, 32, 16, 8, 4, 2, 1 ಎಂದು ಅರ್ಧರ್ಧವಾಗುತ್ತ ಹೋದರೆ, ಹಾವಿನ ಸರದಿಯಲ್ಲಿಯೂ ಕ ಎಂಬವರಿಗೆ 129, ಘ ಎಂಬವರಿಗೆ ಕೇವಲ 24. ಮೊದಲ ಸರದಿಯೊಂದೇ ಎಲ್ಲವನ್ನೂ ನಿರ್ಧರಿಸುತ್ತದೆ. ಅದನ್ನು ದುರ್ಬಲ ತಂಡಕ್ಕೆ ಕೊಡುವುದು ನ್ಯಾಯವೇ ಸರಿ. ಆದರೆ ಆಗ ಬೇಕೆಂದೇ ಸೋಲುವ ಆಸೆ ಹುಟ್ಟುತ್ತದೆ. ಸೋಲು ಲಾಭವಾದರೆ ಆಟಕ್ಕೆ ಅರ್ಥವೇನು?

ಸಾವಿರದ ಒಂದು

1963ರಲ್ಲಿ ಮೊದಲ ಡ್ರಾಫ್ಟನ್ನು ನಡೆಸಿದ ನ್ಯಾಷನಲ್ ಹಾಕಿ ಲೀಗು 1995ರಲ್ಲಿ ಲಾಟರಿಯನ್ನು ತಂದಿತು. ಈಗಿನ ಕ್ರಮದಲ್ಲಿ 14 ಚೆಂಡುಗಳಲ್ಲಿ ನಾಲ್ಕನ್ನು ಎತ್ತುತ್ತಾರೆ. ಇಂಥ ಗುಂಪುಗಳು 14×13×12×11÷24, ಅಂದರೆ 1001. ಒಂದನ್ನು ಬದಿಗಿಟ್ಟು ಉಳಿದ ಸಾವಿರವನ್ನು ತಂಡಗಳಿಗೆ ಹಂಚುತ್ತಾರೆ. 2025ರಲ್ಲಿ ಕೊನೆಯ ಸ್ಥಾನದ ಸ್ಯಾನ್ ಹೋಸೆ ಷಾರ್ಕ್ಸ್ ತಂಡಕ್ಕೆ 185 ಗುಂಪುಗಳಿದ್ದವು. ಆದರೂ ಮೊದಲ ಸರದಿ ದೊರೆತುದು 35 ಗುಂಪುಗಳಿದ್ದ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡಕ್ಕೆ. ಸೋಲು ಅವಕಾಶವನ್ನು ಹೆಚ್ಚಿಸುತ್ತದೆಯೇ ಹೊರತು ಫಲವನ್ನು ಖಚಿತಪಡಿಸುವುದಿಲ್ಲ.

ಹನ್ನೆರಡು ಗೆಳೆಯರಿಗೆ ಯಂತ್ರವೇ ಬೇಡ. 1ರಿಂದ 13ರವರೆಗಿನ ಚೀಟಿಗಳಲ್ಲಿ ಎರಡನ್ನು ಒಟ್ಟಿಗೆ ಎತ್ತಲಿ. ಜೋಡಿಗಳು ಒಟ್ಟು 78. ಇವುಗಳಲ್ಲಿ ದೊಡ್ಡ ಸಂಖ್ಯೆ 13 ಆಗಿರುವ ಜೋಡಿಗಳು 12. 12 ಆಗಿರುವುವು 11. ಹೀಗೆ ಇಳಿಯುತ್ತ, 2 ಆಗಿರುವುದು ಒಂದೇ. ಬಂದ ದೊಡ್ಡ ಸಂಖ್ಯೆಯಿಂದ ಒಂದನ್ನು ಕಳೆದರೆ ಉಳಿಯುವುದೇ ಮೊದಲ ಸರದಿ ಪಡೆದವರ ಕಳೆದ ವರ್ಷದ ಸ್ಥಾನ. ಹನ್ನೆರಡನೆಯ ಸ್ಥಾನದವರಿಗೆ 78ರಲ್ಲಿ 12 ಅವಕಾಶ, ಅಗ್ರಸ್ಥಾನದವರಿಗೆ 78ರಲ್ಲಿ ಒಂದು.

ಕಾಲದ ಲೆಕ್ಕ

ನಿಜವಾದ ಡ್ರಾಫ್ಟ್ ಸಾಮಾನ್ಯವಾಗಿ ಜೂನ್ ಕೊನೆಯಲ್ಲಿ ಮುಗಿಯುತ್ತದೆ. ಪಂದ್ಯಗಳು ಶರತ್ಕಾಲದಲ್ಲಿ ಆರಂಭವಾಗುತ್ತವೆ. ಗೆಳೆಯರ ಆಯ್ಕೆ ಈ ನಡುವೆ ನಡೆಯಬೇಕು. ಹನ್ನೆರಡು ಮಂದಿಗೆ ನಾಲ್ಕು ಸುತ್ತೆಂದರೆ 48 ಸರದಿಗಳು. ಒಂದೊಂದಕ್ಕೆ ಎಂಟು ಗಂಟೆಯ ಗಡುವು ಕೊಟ್ಟರೆ ಹೆಚ್ಚೆಂದರೆ 384 ಗಂಟೆ, ಅಂದರೆ 16 ದಿನ. ರಾತ್ರಿ ಹನ್ನೆರಡು ಗಂಟೆಗಳ ಕಾಲ ಗಡಿಯಾರವನ್ನು ನಿಲ್ಲಿಸಿದರೆ 32 ದಿನ. ಮಾಂಟ್ರಿಯಲ್‌ನಲ್ಲಿ ಮಧ್ಯಾಹ್ನ ಹನ್ನೆರಡಾದಾಗ ವ್ಯಾಂಕೂವರ್‌ನಲ್ಲಿ ಬೆಳಗಿನ ಒಂಬತ್ತು; ಯಾವ ಊರಿನ ಗಡಿಯಾರವೆಂಬುದೂ ನಿಶ್ಚಯವಾಗಿರಬೇಕು. ಗಡುವು ಮೀರಿದವರ ಪರವಾಗಿ, ಅವರು ಮೊದಲೇ ಬರೆದುಕೊಟ್ಟ ಪಟ್ಟಿಯಿಂದ ಆಯ್ಕೆ ಮಾಡಬಹುದು.

ಈ ನಿಯಮಗಳೆಲ್ಲವೂ ಪಂದ್ಯಗಳು ಆರಂಭವಾಗುವುದಕ್ಕೆ ಮುನ್ನವೇ ಗೊತ್ತಾಗಿರತಕ್ಕದ್ದು. ಯಾರು ಕೊನೆಯವರೆಂದು ತಿಳಿದ ಮೇಲೆ ಮಾಡುವ ನಿಯಮ ಎಷ್ಟೇ ಒಳ್ಳೆಯದಾದರೂ ಒಬ್ಬರ ಪಕ್ಷವಹಿಸಿದಂತೆ ಕಾಣುತ್ತದೆ. ನಾಲ್ವರೇ ಗೆಳೆಯರಿದ್ದರೆ ಎಷ್ಟು ಚೀಟಿಗಳು ಬೇಕು, ಕೊನೆಯವರಿಗೆ ಎಷ್ಟು ಅವಕಾಶ ಎಂಬುದನ್ನು ವಾಚಕರೇ ಲೆಕ್ಕಹಾಕಿ ನೋಡಲಿ.