ರೋಮನ್ ಬೆಳ್ಳಿ ನಾಣ್ಯ: ಎಡೆದೊರೆ (ರಾಯಚೂರು) ನಾಡಿನ ಹೊಸ ಸಂಗ್ರಾಹಕರಿಗೆ

ಯಶವಂತಪುರದಲ್ಲಿ 1891ರಲ್ಲಿ ಒಂದು ಗಡಿಗೆ ಸಿಕ್ಕಿತು. ಒಳಗೆ 163 ರೋಮನ್ ಬೆಳ್ಳಿ ನಾಣ್ಯ. 1965ರಲ್ಲಿ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಮತ್ತೆ 256. ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲಿ 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆಸಿದಾಗ ಸಿಕ್ಕ ರೋಮನ್ ದೊರೆ ಟೈಬೀರಿಯಸ್‌ನ ನಾಣ್ಯ ಆ ಪದರದ ಕಾಲ ಗುರುತಿಸಲು ನೆರವಾಯಿತು. ಅದನ್ನೇ ಯಾರೋ ಮೊದಲು ಕಿತ್ತು ಮಾರಿಕೊಂಡಿದ್ದರೆ ಉಳಿಯುತ್ತಿದ್ದುದು ಬರೀ ಬೆಳ್ಳಿ.

ಹಂತ 1: ಸಂಗ್ರಹವನ್ನು ಹೊಲದಿಂದ ಶುರು ಮಾಡಬೇಡಿ. ದೇವದುರ್ಗ, ಮಾನ್ವಿ ಕಡೆ ಹೊಲ ಉಳುವಾಗ, ಪಾಯ ತೋಡುವಾಗ ಹಳೆಯ ನಾಣ್ಯ ಕಂಡರೆ ಗಡಿಗೆ ಅಲುಗಿಸದೆ ಜಿಲ್ಲಾಧಿಕಾರಿಗೆ ತಿಳಿಸಿ. ನಿಧಿ ಮುಚ್ಚಿಡುವುದು ಅಪರಾಧ. ಹೊಲದಲ್ಲಿ ಸಿಕ್ಕಿದ್ದೆಂದು ಯಾರಾದರೂ ಮಾರಲು ತಂದರೆ ಕೊಳ್ಳಲೇಬೇಡಿ.

ಹಂತ 2: ಎರಡೇ ಬಗೆಯ ನಾಣ್ಯ ಚೆನ್ನಾಗಿ ಕಲಿಯಿರಿ. ದಕ್ಷಿಣ ಭಾರತದಲ್ಲಿ ಹೆಚ್ಚು ಸಿಕ್ಕಿರುವವು ಇವೇ. ರೋಮನ್ ದೊರೆ ಅಗಸ್ಟಸ್‌ನದರ ಹಿಂಬದಿಯಲ್ಲಿ ಅವನ ಇಬ್ಬರು ಮೊಮ್ಮಕ್ಕಳು, ಗಾಯಸ್ ಮತ್ತು ಲೂಸಿಯಸ್, ನಡುವೆ ಗುರಾಣಿ, ಈಟಿ ಇಟ್ಟುಕೊಂಡು ನಿಂತಿರುತ್ತಾರೆ. ಟೈಬೀರಿಯಸ್‌ನದರಲ್ಲಿ ಕುಳಿತ ಹೆಂಗಸು, ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ಟೊಂಗೆ. ಆಕೆ ಅವನ ತಾಯಿ ಲಿವಿಯಾ ಎಂದು ಬಹಳಷ್ಟು ಜನ ಹೇಳುತ್ತಾರೆ. ಸುತ್ತಲೂ ‘ಪೊಂಟಿಫ್ ಮ್ಯಾಕ್ಸಿಮ್’ ಎಂಬ ಲ್ಯಾಟಿನ್ ಅಕ್ಷರ. ಲ್ಯಾಟಿನ್ ಬಾರದಿದ್ದರೂ ಪರವಾಗಿಲ್ಲ, ಅಕ್ಷರದ ಆಕಾರ ಕಣ್ಣಿಗೆ ಕೂರಬೇಕು.

ಹಂತ 3: ತೂಗಿ. ಈ ಎರಡೂ ಹೆಚ್ಚುಕಡಿಮೆ 3.7 ಗ್ರಾಂ ಇರುತ್ತವೆ, ಸವೆದದ್ದು ಸ್ವಲ್ಪ ಕಡಿಮೆ. ರಾಯಚೂರಿನ ಯಾವ ಸರಾಫರ ಅಂಗಡಿಯಲ್ಲೂ ಸರಿಯಾದ ತಕ್ಕಡಿ ಇದೆ. ಆಮೇಲೆ ಅಂಚಿಗೆ ಮೆಲ್ಲಗೆ ಉಗುರು ಆಡಿಸಿ. ಸುತ್ತಲೂ ಒಂದು ಗೆರೆ ತಡೆದರೆ ಅಚ್ಚಿಗೆ ಎರಕ ಹೊಯ್ದ ನಕಲಿ ಎಂಬ ಅನುಮಾನ ಬರಬೇಕು. ಭೂತಗನ್ನಡಿಯಲ್ಲಿ ಸಣ್ಣ ಗುಳ್ಳೆಗಳ ತೂತು, ಕರಗಿದಂತಿರುವ ಅಕ್ಷರ ಕಂಡರೆ ಅನುಮಾನ ಇನ್ನೂ ಗಟ್ಟಿ. ಅಸಲಿಯನ್ನು ಸುತ್ತಿಗೆಯಿಂದ ಹೊಡೆದು ಮಾಡಿದ್ದು. ಅಂಚು ಸೀಳಿರುವುದು, ಚಿತ್ರ ಒಂದು ಬದಿಗೆ ಸರಿದಿರುವುದು ಸಹಜ.

ಹಂತ 4: 1972ರ ಪ್ರಾಚ್ಯವಸ್ತು ಕಾಯಿದೆಯಂತೆ ಪರವಾನಗಿ ಇರುವ ವ್ಯಾಪಾರಿಯಿಂದಲೇ ಕೊಂಡು ರಸೀದಿ ಪಡೆಯಿರಿ. ಮುಂದೆ ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ.

ಹಂತ 5: ತೊಳೆಯಬೇಡಿ. ಹುಣಸೆಹಣ್ಣು, ವಿಭೂತಿ, ಪಾತ್ರೆ ಪುಡಿ ಯಾವುದೂ ಬೇಡ. ನಾಣ್ಯದ ಮೇಲಿನ ಕಪ್ಪು ಮುಸುಕು ಬಹುಕಾಲದಿಂದ ಕೂಡಿದ್ದು, ಒಮ್ಮೆ ತಿಕ್ಕಿದರೆ ಸುಲಭಕ್ಕೆ ಮರಳದು. ಪಿವಿಸಿ ಚೀಲ ನಮ್ಮ ಬೇಸಿಗೆಗೆ ಬೇಗ ಜಿಗುಟಾಗಿ ನಾಣ್ಯಕ್ಕೆ ಹಸಿರು ಹಿಡಿಸುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆ ಸಾಕು. ನಾಣ್ಯ ಒಳಗೆ ಹಾಕುವ ಮೊದಲೇ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ದೊರೆ, ತೂಕ, ಕೊಂಡ ದಿನ, ಯಾರಿಂದ ಬಂತು ಎಂಬುದನ್ನು ಬರೆಯಿರಿ.