ಎರಡು ಕೋಣೆ, ಮೂವತ್ತು ಬೆಕ್ಕು

ಪ್ರಶ್ನೆ: ನಾನು ದಾವಣಗೆರೆ ವಿದ್ಯಾನಗರದವಳು. ಮಂಡಕ್ಕಿ ಭಟ್ಟಿಗಳ ಕಡೆ ಗಾಯಗೊಂಡ ಬೆಕ್ಕು, ತಬ್ಬಲಿ ಮರಿ ಕಂಡರೆ ಔಷಧ ಮಾಡಿಸಿ ಹರಿಹರದ ಗೆಳತಿಯೊಬ್ಬರಿಗೆ ಕೊಡುತ್ತಿದ್ದೆ. ವಯಸ್ಸಿನಲ್ಲಿ ದೊಡ್ಡವರು, ಅಕ್ಕ ಅಂತಲೇ ಕರೆಯುತ್ತೇನೆ. ಈಗ ಅವರ ಎರಡು ಕೋಣೆಗಳಲ್ಲಿ ಮೂವತ್ತಕ್ಕೂ ಹೆಚ್ಚು ಬೆಕ್ಕುಗಳಿವೆ. ಮಳೆಗಾಲದಲ್ಲಿ ವಾಂತಿ, ಭೇದಿಯಾಗಿ ಮರಿಗಳು ಒಂದರ ಹಿಂದೊಂದು ಸತ್ತವು. ಮರಿಯಾಗದಂತೆ ಆಪರೇಷನ್ ಮಾಡಿಸಿ, ಹಿಡಿದ ಜಾಗಕ್ಕೇ ಬಿಡೋಣ ಅಂದರೆ ‘ಬೀದಿಗೆ ಬಿಡೋಕೆ ಕಾಪಾಡಿದ್ಯಾ?’ ಅಂತಾರೆ. ಗಬ್ಬದ ಬೆಕ್ಕಿಗೂ ಆಪರೇಷನ್ ಮಾಡಿಸೋಣ ಅಂದದ್ದಕ್ಕೆ ಮಾತೇ ಬಿಟ್ಟಿದ್ದಾರೆ. ದೂರು ಕೊಡಲೇ?

ಉತ್ತರ: ದೂರಿನ ಮಾತು ಆಮೇಲೆ. ನಿಮ್ಮ ಪತ್ರದಲ್ಲಿ ನೀವು ಸರಸರನೆ ದಾಟಿಹೋದ ಸಂಗತಿಯೊಂದಿದೆ: ಆ ಬೆಕ್ಕುಗಳಲ್ಲಿ ಎಷ್ಟೋ ನೀವೇ ಕೊಟ್ಟವು. ಕಾಪಾಡಿದ ಪುಣ್ಯ ನಿಮಗೆ, ದಿನಾ ಮರಳು ಬದಲಿಸಿ ಹೇಸಿಗೆ ಬಳಿಯುವ ಕೆಲಸ ಅವರಿಗೆ. ‘ಬಿಟ್ಟುಬಿಡೋಣ’ ಎಂಬ ಮಾತು ನಿಮ್ಮ ಬಾಯಿಂದಲೇ ಬಂದರೆ ಅವರಿಗೆ ಚುಚ್ಚದೆ ಇರುತ್ತದೆಯೇ?

ಹಾಗಂತ ವಾದದಲ್ಲಿ ಅವರು ಸರಿ ಅನ್ನುತ್ತಿಲ್ಲ. ಮರಿಗಳಿಗೆ ಬಂದದ್ದು ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಾಣು ರೋಗ ಇರಬಹುದು. ವೈದ್ಯರೇ ನೋಡಿ ಹೇಳಬೇಕು. ಅದೇ ಆಗಿದ್ದರೆ ಆ ವೈರಾಣು ನೆಲ, ಬಟ್ಟೆ, ತಟ್ಟೆಗಳಲ್ಲಿ ವರ್ಷದವರೆಗೂ ಉಳಿಯಬಲ್ಲದು. ಫಿನಾಯಿಲ್‌ ನಂಬಬೇಡಿ. ಬೆಕ್ಕು ಸದಾ ಪಾದ ನೆಕ್ಕುವ ಪ್ರಾಣಿ, ಅದಕ್ಕೆ ಫಿನಾಯಿಲೇ ವಿಷ. ಬ್ಲೀಚಿಂಗ್ ನೀರಿನಲ್ಲಿ ಒರೆಸಿ, ತೊಳೆದು, ಒಣಗಿದ ಮೇಲೆ ಒಳಬಿಡಬೇಕು. ಎಂಟು ವಾರ ತುಂಬಿದ ಮರಿಗಳಿಗೆ ಲಸಿಕೆ ಶುರುವಾಗಬೇಕು. ಹೊಸದಾಗಿ ಬಂದ ಬೆಕ್ಕಿಗೆ ಎರಡು ವಾರ ಬೇರೆ ಕೋಣೆ, ಬೇರೆ ತಟ್ಟೆ. ಇರುವುದೇ ಎರಡು ಕೋಣೆ, ಎರಡೂ ತುಂಬಿವೆ. ಆ ಬೇರೆ ಕೋಣೆ ಎಲ್ಲಿಂದ ಬರಬೇಕು? ಇಂಥ ಮನೆಗೆ ಇನ್ನೊಂದು ಮರಿ ತರುವುದೆಂದರೆ ಒಳಗಿರುವವುಗಳ ಜೀವ ಪಣಕ್ಕಿಟ್ಟಂತೆ.

2014ರಲ್ಲಿ ಜಲ್ಲಿಕಟ್ಟು ಪ್ರಕರಣದ ತೀರ್ಪು ಕೊಡುವಾಗ ಸುಪ್ರೀಂ ಕೋರ್ಟ್ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಎತ್ತಿಹಿಡಿಯಿತು. ಹಸಿವು ಬಾಯಾರಿಕೆ ಇರಬಾರದು, ಇರುವ ಜಾಗ ಹಿತವಾಗಿರಬೇಕು, ನೋವು ರೋಗ ಕಾಡಬಾರದು, ಭಯ ಸಂಕಟ ಇರಬಾರದು, ತನ್ನ ಜಾತಿಯ ಸಹಜ ನಡವಳಿಕೆಗೆ ಅವಕಾಶ ಇರಬೇಕು. ನಿಮ್ಮ ಅಕ್ಕ ಹೊಟ್ಟೆ ಬಟ್ಟೆ ಕಟ್ಟಿ ಮೊದಲನೆಯದನ್ನು ಕೊಡುತ್ತಿದ್ದಾರೆ. ಮೂವತ್ತು ಬೆಕ್ಕುಗಳ ಇಕ್ಕಟ್ಟಿನಲ್ಲಿ ಉಳಿದ ನಾಲ್ಕು ಸಿಗುವುದು ಕಷ್ಟ.

ಇನ್ನು ಬಿಡುವ ವಿಚಾರ. ಅವರ ಹೆದರಿಕೆಗೆ ಆಧಾರವಿದೆ. ಹಸಿದು ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕೈತುತ್ತು ತಿಂದು ಬೆಳೆದ ಮರಿ, ಕುರುಡು ಬೆಕ್ಕು, ಕಾಲಿಲ್ಲದ ಬೆಕ್ಕು ಹೊರಗೆ ಬಾಳಲಾರವು. ಅವು ಮನೆಯಲ್ಲೇ ಇರಲಿ, ಇಲ್ಲವೇ ಯಾರಾದರೂ ಸಾಕಿಕೊಳ್ಳಲಿ. ಭಟ್ಟಿಯ ಸುತ್ತ ಇಲಿ ಹಿಡಿದು ಬೆಳೆದ ದೊಡ್ಡ ಬೆಕ್ಕುಗಳ ಕಥೆ ಬೇರೆ. ಅವಕ್ಕೆ ಆಪರೇಷನ್, ರೇಬಿಸ್ ಲಸಿಕೆ ಮಾಡಿಸಿ, ಅರಿವಳಿಕೆಯಲ್ಲಿದ್ದಾಗಲೇ ಗುರುತಿಗೆ ಎಡಗಿವಿಯ ತುದಿ ಕತ್ತರಿಸಿ, ಹಿಡಿದ ಓಣಿಗೇ ಬಿಡಬೇಕು. ಹತ್ತಿರ ಅಂತ ಹರಿಹರದ ಹೊಳೆದಂಡೆಯಲ್ಲಿ ಬಿಟ್ಟರೆ ದಿಕ್ಕು ತಪ್ಪಿ ನಾಯಿ ಬಾಯಿಗೋ ಪಿ.ಬಿ. ರಸ್ತೆಯ ಲಾರಿಗೋ ಸಿಗುತ್ತವೆ. ಬಿಡುವ ಮೊದಲು ಭಟ್ಟಿಯವರ ಜೊತೆ ಮಾತಾಡಿ. ಭತ್ತ, ಅಕ್ಕಿ ಮೂಟೆ ಇಟ್ಟುಕೊಂಡವರಿಗೆ ಬೆಕ್ಕು ಬೇಡವಾಗುವುದು ಅಪರೂಪ. ಒಂದು ಹೊತ್ತು ಅನ್ನ ಹಾಕುವವರು ಸಿಕ್ಕೇ ಸಿಗುತ್ತಾರೆ.

ಗಬ್ಬದ ಬೆಕ್ಕಿನ ವಿಷಯದಲ್ಲಿ ಮಾತ್ರ ನೀವು ಸೋತುಬಿಡಿ. ವೈದ್ಯರು ಆ ಆಪರೇಷನ್ ಮಾಡುತ್ತಾರೆ, ಹಲವರು ಮಾಡಿಸುತ್ತಾರೆ, ನನಗೂ ಅದು ತಪ್ಪಾಗಿ ಕಾಣುವುದಿಲ್ಲ. ಆದರೆ ಪಾಪವೆಂದು ನಂಬಿದವರ ಮನೆಯಲ್ಲಿ ಹಟ ಹಿಡಿದು ಮಾಡಿಸಬೇಕಾದ ಕೆಲಸ ಅದಲ್ಲ. ಬೆಕ್ಕು ಗಬ್ಬ ಹೊರುವುದು ಸುಮಾರು ಒಂಬತ್ತು ವಾರ. ಹೆರಲಿ, ಎಂಟು ವಾರ ಹಾಲು ಕುಡಿಸಲಿ, ಆಮೇಲೆ ಆಪರೇಷನ್ ಆಗಲಿ. ನೀವಿಬ್ಬರೂ ಇದೊಂದು ಬೆಕ್ಕಿಗಾಗಿ ಮುನಿಸಿಕೊಂಡು ಕೂತಿರುವಾಗ, ಗಂಡು ಹೆಣ್ಣು ಒಂದೇ ಕೋಣೆಯಲ್ಲಿವೆ. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಮುಂದಿನ ಗಬ್ಬಗಳು ಅಲ್ಲೇ ಶುರುವಾಗುತ್ತವೆ. ಮೊದಲು ಗಂಡುಗಳನ್ನು ಬೇರೆ ಮಾಡಿಸಿ.

ದೂರು ಈಗ ಬೇಡ. ದೂರು ಕೊಟ್ಟ ಮೇಲೆ ಆ ಮೂವತ್ತನ್ನು ಇಟ್ಟುಕೊಳ್ಳುವವರು ಯಾರು, ಹೇಳಿ ನೋಡೋಣ. ಕಾಯಿಲೆಯವಕ್ಕೆ ಚಿಕಿತ್ಸೆಯನ್ನೇ ಅಕ್ಕ ಬೇಡವೆಂದರೆ ಆಗ ಮಾತ್ರ ಆ ದಾರಿ, ಅದೂ ಅವರಿಗೆ ತಿಳಿಸಿಯೇ. ಸದ್ಯಕ್ಕೆ ಅವರ ಮನೆಗೆ ಹೋಗಿ, ‘ಅಕ್ಕಾ, ಇನ್ನು ನಾನು ಒಂದು ಮರಿಯನ್ನೂ ತರಲ್ಲ’ ಅಂತ ಮೊದಲು ನೀವು ಹೇಳಿ. ಮೊದಲ ಕೆಲವು ಆಪರೇಷನ್‌ಗಳ ಖರ್ಚು ನಿಮ್ಮದಿರಲಿ. ಬರುವಾಗ ಎರಡು ಬೆಕ್ಕುಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ವಿದ್ಯಾನಗರದ ನಿಮ್ಮ ಮನೆಗೇ ಕರೆತನ್ನಿ.