ಜನವರಿ 6ರ ಕ್ರಿಸ್‌ಮಸ್

ತಂಗೀ, ಡಿಸೆಂಬರ್ ಬಂತೆಂದರೆ ಬೆಂಗಳೂರಿನಲ್ಲಿರುವ ನಿಮ್ಮೆಲ್ಲರ ಫೋನಿನಲ್ಲಿ ಒಂದೇ ರಾಗ. ರಜೆ ಮಂಜೂರಾಗಲಿಲ್ಲ, ರೈಲಿನ ಟಿಕೆಟ್ಟು ವೇಟಿಂಗಿನಲ್ಲೇ ಕೂತಿದೆ, ಬಸ್ಸಿನವರು ಬಾಯಿಗೆ ಬಂದಷ್ಟು ಕೇಳುತ್ತಾರೆ, ಈ ಸಲ ಹಬ್ಬ ಹೋಯಿತು. ರಾಣೆಬೆನ್ನೂರು ಅಲ್ಲಿಂದ ಒಂದು ರಾತ್ರಿಯ ದಾರಿ. ಆ ಒಂದು ರಾತ್ರಿ ಕೈತಪ್ಪಿದರೆ ವರ್ಷವೇ ಮುಳುಗಿತೆಂಬಂತೆ ಮಾತಾಡುತ್ತೀರಿ. ನಿನ್ನ ಬೇಸರ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಕೆಟ್ಟಿದ್ದು ನೀನು ಹಾಕಿದ ಲೆಕ್ಕ, ಹಬ್ಬವಲ್ಲ.

ಮೊದಲನೆಯದಾಗಿ, ತಾರೀಖನ್ನು ಅಷ್ಟು ಬಿಗಿಯಾಗಿ ಹಿಡಿಯಬೇಡ. ಚರ್ಚಿನ ಪಂಚಾಂಗದಲ್ಲಿ ಕ್ರಿಸ್‌ಮಸ್ ಒಂದು ದಿನಕ್ಕೆ ಮುಗಿಯುವುದಿಲ್ಲ. ಮೂಡಣದ ಜ್ಞಾನಿಗಳು ಕೂಸನ್ನು ನೋಡಲು ಬಂದ ಜನವರಿ 6ರ ಹಬ್ಬದವರೆಗೂ ಅದರ ಕಾಲವೇ. ಅರ್ಮೇನಿಯದ ಚರ್ಚಿನವರು ಜನನದ ಹಬ್ಬ ಮಾಡುವುದೇ ಜನವರಿ 6ಕ್ಕೆ, ರಷ್ಯದವರು 7ಕ್ಕೆ. ಅವರ ದೇವರೇನು ತಡವಾಗಿ ಹುಟ್ಟಿದನೆ?

ದೂರದ ಮಾತೇಕೆ, ಹಾವೇರಿಯನ್ನೇ ನೋಡು. 86ನೆಯ ಕನ್ನಡ ಸಾಹಿತ್ಯ ಸಮ್ಮೇಳನ 2021ರ ಫೆಬ್ರವರಿಯಲ್ಲಿ ನಡೆಯಬೇಕಿತ್ತು. ಕೊರೊನಾ ಬಂದು ಅದನ್ನು ತಳ್ಳಿತು. ತಳ್ಳುತ್ತ ತಳ್ಳುತ್ತ ಕೊನೆಗೆ ಅದು ಬಂದು ನಿಂತದ್ದು 2023ರ ಜನವರಿ 6ಕ್ಕೆ. ಅಧ್ಯಕ್ಷರೆಂದು ಆಯ್ಕೆಯಾಗಿದ್ದ ದೊಡ್ಡರಂಗೇಗೌಡರೂ ಕಾದರು, ಊರೂ ಕಾಯಿತು. ತಡವಾಯಿತೆಂದು ಯಾರೂ ಕನ್ನಡದ ತೇರು ಎಳೆಯದೆ ಬಿಡಲಿಲ್ಲ. ಅದರ ಹಿಂದಿನ ಕ್ರಿಸ್‌ಮಸ್ಸಿಗೆ ಬರಲಾಗದ ನಮ್ಮ ಮಂದಿ ಸಮ್ಮೇಳನದ ನೆವದಲ್ಲಿ ಬಂದಿಳಿದರು. ಬಾಗಿಲ ಮೇಲಿನ ನಕ್ಷತ್ರ ಇನ್ನೂ ಇಳಿಸಿರಲಿಲ್ಲ. ಎಣ್ಣೆ ಕಾಯಿಸಿದೆವು, ಕರ್ಚಿಕಾಯಿ ಕರಿದೆವು. ಒಣಕೊಬ್ಬರಿ, ಎಳ್ಳು, ಗಸಗಸೆ ಎಲ್ಲ ಇತ್ತು, ಏಲಕ್ಕಿ ಮಾತ್ರ ತೀರಿತ್ತು. ಪಕ್ಕದ ಮನೆಯವರು ತಮಗೆ ಯಾವುದೋ ಸನ್ಮಾನದಲ್ಲಿ ಬಂದಿದ್ದ ಏಲಕ್ಕಿ ಹಾರವನ್ನು ತಂದು ಬಿಚ್ಚಿ ಕೊಟ್ಟರು. ಹಾವೇರಿಯ ನೆಲದಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಘಟ್ಟದ ಕಡೆಯಿಂದ ಬಂದ ಕಾಯಿ ಇಲ್ಲಿಯ ಕುಶಲಗಾರರ ಕೈಯಲ್ಲಿ ಹಾರವಾಗುತ್ತದೆ. ಷೋಕೇಸಿನಲ್ಲಿ ಧೂಳು ತಿನ್ನುವ ಹಾರಕ್ಕಿಂತ ಹೂರಣಕ್ಕೆ ಬಿದ್ದ ಹಾರವೇ ಮೇಲು ಎಂಬುದು ನನ್ನ ಅಭಿಪ್ರಾಯ. ಸನ್ಮಾನಿತರು ಸಿಟ್ಟಾಗಬಾರದು.

ಎರಡನೆಯ ಮಾತು ಇದಕ್ಕಿಂತ ಮುಖ್ಯ. ಹಬ್ಬ ಅರ್ಧ ಕೆಟ್ಟಾಗ ಅದನ್ನು ಇಡಿಯಾಗಿ ಎಸೆಯುವ ಚಟ ನಿಮ್ಮ ವಯಸ್ಸಿಗೆ ಇರುತ್ತದೆ. ಹಾಗೆ ಮಾಡಬೇಡ, ಒಂದು ಚೂರನ್ನು ಇಟ್ಟುಕೊ. 2020ರ ಡಿಸೆಂಬರಿನಲ್ಲಿ ಸರ್ಕಾರ ರಾತ್ರಿ 11ರಿಂದ ಬೆಳಗಿನ 5ರವರೆಗೆ ಕರ್ಫ್ಯೂ ಎಂದು ಸಾರಿ, ಅದು ಜಾರಿಯಾಗಬೇಕಿದ್ದ 24ರಂದೇ ಹಿಂದಕ್ಕೆ ತೆಗೆದುಕೊಂಡಿತು. ಕ್ಯಾರಲ್ ತಿರುಗಾಟವನ್ನು ನಾವು ಹೇಗೂ ಕೈಬಿಟ್ಟಿದ್ದೆವು. ನಮ್ಮ ಮನೆಯಷ್ಟು ಜನ ಬಾಗಿಲಲ್ಲಿ ನಿಂತು ಹಾಡಿದೆವು. ಎದುರು ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದ ಅಜ್ಜಿ, "ಇನ್ನೊಂದ ಹಾಡ್ರಿ ಟೀಚರ, ಯಾಕ ನಿಲ್ಲಿಸಿದ್ರಿ?" ಅಂದಳು. ಪ್ರತಿ ವರ್ಷ ಮನೆಯಿಂದ ಮನೆಗೆ ಓಡುವ ಗಡಿಬಿಡಿಯಲ್ಲಿ, ಚಹಾ ಕುಡಿಯುವ ಅವಸರದಲ್ಲಿ, ಹಾಡಿನ ಕೊನೆಯ ನುಡಿ ಹಾಡಿದ್ದೇ ಕಡಿಮೆ. ಆ ವರ್ಷ ಪೂರ್ತಿ ಹಾಡಿದೆವು, ಕೇಳುವವಳೂ ಒಬ್ಬಳಿದ್ದಳು.

ಮೂಲದ ಕಥೆಯನ್ನೇ ಒಮ್ಮೆ ನೆನೆ. ದಿನ ತುಂಬಿದ ಬಸುರಿ, ಜನಗಣತಿಗಾಗಿ ನಜರೇತಿನಿಂದ ಬೆತ್ಲೆಹೇಮಿಗೆ ಪಯಣ, ಛತ್ರದಲ್ಲಿ ಜಾಗವಿಲ್ಲ, ಕೂಸು ದನದ ಗ್ವಾದಲಿಯಲ್ಲಿ. ಅಂದುಕೊಂಡಂತೆ ಏನು ನಡೆಯಿತು ಅಲ್ಲಿ? ಅದನ್ನೇ ನಾವು ಈಗ ಥರ್ಮಾಕೋಲಿನಲ್ಲಿ ಕಟ್ಟಿ, ಸೀರಿಯಲ್ ಲೈಟಿನ ಒಂದು ಬಲ್ಬು ಹತ್ತದಿದ್ದರೆ ಮುಖ ಊದಿಸಿಕೊಂಡು ಕೂರುತ್ತೇವೆ.

ಇಷ್ಟು ಹೇಳಿದೆನೆಂದು ಸಣ್ಣ ಖುಷಿಯ ಉಪದೇಶವನ್ನು ಕಂಡಕಂಡವರಿಗೆ ಹಂಚಲು ಹೋಗಬೇಡ. 2024ರ ಮಾರ್ಚಿನಲ್ಲಿ ಮೆಣಸಿನಕಾಯಿ ದರ ಬಿದ್ದ ಸಿಟ್ಟಿಗೆ ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳು ಹೊತ್ತಿ ಉರಿದವು. ಅಂದು ಒಬ್ಬ ಬೆಳೆಗಾರನ ಮುಂದೆ ಕೂತು "ಸಂತೋಷ ಸಣ್ಣದರಲ್ಲಿದೆ, ತಮ್ಮಾ" ಎಂದಿದ್ದರೆ ನನ್ನ ಹಲ್ಲು ಉಳಿಯುತ್ತಿರಲಿಲ್ಲ, ಉಳಿಯಲೂ ಬಾರದು. ಸಾಲಕ್ಕೆ ರೊಕ್ಕ ಬೇಕು, ಜಡ್ಡಿಗೆ ಔಷಧ ಬೇಕು. ಸಾವಾದ ಮನೆಗೆ ಹಬ್ಬದ ಶುಭಾಶಯ ಕಳಿಸುವುದಕ್ಕಿಂತ ಒಂದು ಬುತ್ತಿ ಕಟ್ಟಿಕೊಂಡು ಹೋಗಿ, ಅವರು ಅತ್ತರೆ ಅಳಲು ಬಿಟ್ಟು, ಸುಮ್ಮನೆ ಕೂತು ಬಾ. ನಾನು ಹೇಳುತ್ತಿರುವುದು ರಜೆ ಸಿಗದ, ಟಿಕೆಟ್ ಸಿಗದ, ಕೇಕು ಉಬ್ಬದ ದುಃಖಗಳಿಗೆ ಮಾತ್ರ.

ಸಣ್ಣ ವಸ್ತುವನ್ನು ಮಾತ್ರ ಹಗುರಾಗಿ ಎಣಿಸಬೇಡ. ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ, ಕ್ರಿಸ್‌ಮಸ್ಸಿನೊಳಗೆ ಯುದ್ಧ ಮುಗಿಯುತ್ತದೆ ಎಂದು ನಂಬಿ ಹೊರಟ ಸೈನಿಕರು ಕಂದಕದ ಕೆಸರಿನಲ್ಲೇ ಉಳಿದರು. ಆಗ 17ರ ಹರೆಯದ ಬ್ರಿಟನ್ ರಾಜಕುಮಾರಿ ಮೇರಿಯ ಹೆಸರಿನಲ್ಲಿ ನಿಧಿ ಕೂಡಿಸಿ ಹಿತ್ತಾಳೆಯ ಡಬ್ಬಿಗಳನ್ನು ಕಳಿಸಿದರು. ಗೋರರಿಗೆ ತಂಬಾಕು, ಸಿಗರೇಟು. ನಮ್ಮ ಸಿಖ್ ಸಿಪಾಯಿಗಳ ಪಾಲಿಗೆ ಕಲ್ಲುಸಕ್ಕರೆ ಮತ್ತು ಮಸಾಲೆ ಪದಾರ್ಥ. ಫ್ರಾನ್ಸಿನ ಚಳಿಯಲ್ಲಿ ಮಸಾಲೆಯ ಡಬ್ಬಿ ತೆರೆದಾಗ ಮೂಗಿಗೆ ಏನಾಗಿರಬೇಕು ಎಂಬುದನ್ನು ಬ್ಯಾಡಗಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸೋಮವಾರ, ಗುರುವಾರದ ಪೇಟೆಯ ಘಾಟಿಗೆ ಸೀನಿಯೇ ನಾವು ಬೆಳೆದವರು.

ಹಾಗಾಗಿ ಈ ಸಲ ಊರಿಗೆ ಬರಲಾಗದಿದ್ದರೆ ಹೀಗೆ ಮಾಡು. ಐದಾರು ಬಗೆಯ ತಿಂಡಿಯ ಆಸೆ ಬಿಡು, ಒಂದನ್ನು ಮಾಡು. ಕಣಕ ಕಲೆಸುವ ಹೊತ್ತಿಗೆ ಅವ್ವಗೆ ಫೋನು ಹಚ್ಚಿ ಹದ ಕೇಳು. ಅವಳು ಬೈದರೆ ಬೈಸಿಕೊ, ಅವಳಿಗೂ ಹಬ್ಬವಾಗುತ್ತದೆ. ಕರ್ಚಿಕಾಯಿ ಬಾಯಿ ಬಿಟ್ಟರೆ ಬಿಡಲಿ, ಪಿಜಿಯ ಹುಡುಗಿಯರು ಅದನ್ನೂ ಉಳಿಸುವುದಿಲ್ಲ. ಕಾರ್ಪೊರೇಷನ್ ಬಳಿ ಹಡ್ಸನ್ ಸ್ಮಾರಕ ಚರ್ಚಿದೆ, ಕನ್ನಡದಲ್ಲೇ ಆರಾಧನೆ. ಯಾರ ಪರಿಚಯವಿರದಿದ್ದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಗಟ್ಟಿಯಾಗಿ ಹಾಡು. ಆ ದಿನ ಮೊಬೈಲಿನಲ್ಲಿ ಬೇರೆಯವರ ಮನೆಯ ಗಿಡ, ದೀಪ, ಹೊಸ ಸೀರೆ ನೋಡುತ್ತ ಕೂರಬೇಡ. ಅಲ್ಲಿ ಕರಿದದ್ದು ಕಾಣುತ್ತದೆ, ಹೊತ್ತಿದ್ದು ಕಾಣುವುದಿಲ್ಲ.

ಊರಿನದು ಊರಲ್ಲಿ ಇದ್ದೇ ಇರುತ್ತದೆ. 2019ರಲ್ಲಿ ಕ್ರಿಸ್‌ಮಸ್ಸಿಗೆ ಅಂಟಿಕೊಂಡೇ ಎಳ್ಳಮಾಸಿ ಬಂತು, ಮೇಲೆ 26ರ ಬೆಳಿಗ್ಗೆ ಸೂರ್ಯಗ್ರಹಣ. ಹೊಲದಲ್ಲಿ ಚರಗ ಯಾವಾಗ ಚೆಲ್ಲಬೇಕೆಂದು ನಮ್ಮ ಓಣಿಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಂದರೆ ಲೆಕ್ಕ ತಪ್ಪುವುದು ನಮ್ಮ ಹಬ್ಬಕ್ಕಷ್ಟೇ ಅಲ್ಲ. ಕೊನೆಗೆ ಓಣಿಯವರ ಸಜ್ಜಿ ರೊಟ್ಟಿ, ಪುಂಡಿಪಲ್ಲೆ ನಮ್ಮ ಮನೆಗೆ ಬಂತು, ನಮ್ಮ ಚಕ್ಕುಲಿ ಅವರ ಹೊಲಕ್ಕೆ ಹೋಯಿತು.

ಈಗ ಎರಿ ಹೊಲದಲ್ಲಿ ಕಡಲೆ ಎದ್ದಿದೆ. ನಸುಕಿನಲ್ಲಿ ಎಲೆಯ ಮೇಲಿನ ಇಬ್ಬನಿಗೆ ಬೆರಳು ಹಚ್ಚಿ ನೆಕ್ಕಿದರೆ ಹುಳಿ ಜುಮ್ಮೆನ್ನುತ್ತದೆ, ಮರೆತಿಲ್ಲ ತಾನೆ? ಇನ್ನು ಕೆಲವು ದಿನಕ್ಕೆ ಸುಲಗಾಯಿ, ಆಮೇಲೆ ಜೋಳದ ಸೀತನಿ. ಯಾವುದಕ್ಕೂ ನಿನ್ನ ಮ್ಯಾನೇಜರನ ಸಹಿ ಬೇಡ, ಒಂದು ಭಾನುವಾರ ಸಾಕು. ಕಡಲೆ ಒಣಗುವ ಮೊದಲು ಬಾ. ಬರುವಾಗ ಬೆಂಗಳೂರಿನ ಕೇಕು ತರಬೇಡ. ಖಾಲಿ ಡಬ್ಬಿ ತಾ, ದೊಡ್ಡದು.